ಡೈರೆಕ್ಟ್ ಮಿಸ್ತ್ರಿ ಇಂಗ್ಲೆಂಡಿಗೆ ಹೋದದ್ದು

ಕೇಶ್ವಾಪುರ ಬಿಡುವ ಮುನ್ನ

ಇಂಗ್ಲೆಂಡಿಗೆ ಹೋಗಿ ಬಂದ ಮೇಲೆ ನಮ್ಮ ಓಣಿಯವರೆಲ್ಲ ಕೇಳಿದ್ದು ಒಂದೇ, ‘ಏನೇನ್ ನೋಡಿದ್ರಿ?’ ನಾನು ಮುಖ್ಯವಾಗಿ ನೋಡಿದ್ದು ಒಂದು ಚರ್ಚಿನ ಹಿಂದಿನ ಹಾಲ್, ಅದರಲ್ಲಿ ಹಾಕಿದ್ದ ಎಂಟು ಟೇಬಲ್ಲು, ಮತ್ತು ಅವುಗಳಲ್ಲಿ ಒಂದರಿಂದ ನನ್ನನ್ನು ನಯವಾಗಿ ಎಬ್ಬಿಸಿ ಚಹಾ ಕೊಡಲು ಕಳಿಸಿದ ರೀತಿ. ಅರಮನೆ, ಸೇತುವೆ, ದೊಡ್ಡ ಗಡಿಯಾರ ಇವನ್ನೆಲ್ಲ ನನ್ನ ಹೆಂಡತಿ ಗಿರಿಜಾ ನೋಡಿದ್ದಾಳೆ. ಆ ಕಥೆ ಬೇಕಾದವರು ಅವಳನ್ನು ಕೇಳಬಹುದು, ಕೇಳುವಾಗ ತಿನ್ನಲು ಚೂಡಾ ಕೂಡ ಸಿಗುತ್ತದೆ.

ನನ್ನ ಹೆಸರು ಈರಣ್ಣ. ಆದರೆ ಮೂವತ್ತು ವರ್ಷ ಆ ಹೆಸರಿಗೆ ಕೆಲಸವೇ ಇರಲಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದು ಮೋಟಾರು, ಮಿಕ್ಸರು, ಗೀಜರು ರಿಪೇರಿ ಮಾಡುವ ಅಂಗಡಿ. ಎಲ್ಲರಿಗೂ ನಾನು ‘ಮಿಸ್ತ್ರಿ’. ಕಣ್ಣಿಗೆ ಪೊರೆ ಬಂದು ಒಂದು ತಂತಿ ಎರಡಾಗಿ ಕಾಣತೊಡಗಿದಾಗ ಅಂಗಡಿ ಬಿಟ್ಟುಕೊಟ್ಟೆ. ಆಮೇಲೆ ಆಪರೇಶನ್ ಆಗಿ ಕಣ್ಣು ಬಂತು, ಅಂಗಡಿ ಬರಲಿಲ್ಲ. ಈಗ ಅಲ್ಲಿ ಮೊಬೈಲಿನ ಕವರ್ ಮಾರುತ್ತಾರೆ. ಮನೆಯಲ್ಲಿ ಕುಳಿತ ಮಿಸ್ತ್ರಿಯನ್ನು ಯಾರೂ ಮಿಸ್ತ್ರಿ ಎನ್ನುವುದಿಲ್ಲ. ಹಾಲು ಹಾಕುವವನು ಸಹ ‘ಕಾಕಾ’ ಎನ್ನತೊಡಗಿದ. ಅದು ನನ್ನ ಮನಸ್ಸಿಗೆ ಬಹಳ ಹತ್ತಿತು, ಮುಚ್ಚಿಡುವುದೇನಿದೆ.

ಹಾಗಾಗಿ ಓಣಿಯ ಸೇವಾ ಸಂಘ ಸೇರಿದೆ. ನಮ್ಮ ಸಂಘದಲ್ಲಿ ಯಾರು ಯಾಕೆ ಸೇರಿದ್ದಾರೆ ಎಂಬುದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಅಧ್ಯಕ್ಷರು ಹತ್ತಿ ವ್ಯಾಪಾರಸ್ಥರು, ಅವರಿಗೆ ವಾರ್ಡಿನ ಟಿಕೆಟ್ ಬೇಕು. ಉಪಾಧ್ಯಕ್ಷರಿಗೆ ಮಗಳ ಮದುವೆಗೆ ನಾಲ್ಕು ಮಂದಿಯ ಪರಿಚಯ ಬೇಕು. ನನಗೆ ಯಾರಾದರೂ ‘ಮಿಸ್ತ್ರಿಯವರ, ಬರ್ರಿ’ ಎನ್ನಬೇಕು. ಆದರೆ ಮೈಕು ಕೈಗೆ ಬಂದರೆ ಮೂವರೂ ಹೇಳುವುದು ಸಮಾಜದ ಋಣದ ಮಾತೇ. ಆಸ್ಪತ್ರೆಯಲ್ಲಿ ಹಣ್ಣು ಹಂಚಲು ಹೋದರೆ ಒಂದು ಬಾಳೆಹಣ್ಣಿನ ಚಿಪ್ಪಿಗೆ ಹನ್ನೊಂದು ಕೈ ಹಚ್ಚುತ್ತೇವೆ. ರೋಗಿ ಕೈ ಚಾಚಿಕೊಂಡು ಕಾಯುತ್ತಿರುತ್ತಾನೆ, ಫೋಟೋದವನು ‘ಇನ್ನೊಂದ್ರಿ’ ಎನ್ನುತ್ತಿರುತ್ತಾನೆ. ನಾನು ಯಾವಾಗಲೂ ಎಡದಿಂದ ನಾಲ್ಕನೆಯವನು.

ಮೊದಲ ವಾರ

ನನ್ನ ತಂಗಿ ಸುವರ್ಣಾ ಇಂಗ್ಲೆಂಡಿನ ಉತ್ತರಕ್ಕೆ, ಸಮುದ್ರದ ದಂಡೆಯ ಒಂದು ಸಣ್ಣ ಊರಿನಲ್ಲಿ ನರ್ಸ್. ‘ನಲವತ್ತು ದಿನ ಇದ್ದು ಹೋಗ್ರಿ’ ಎಂದು ನಮ್ಮಿಬ್ಬರನ್ನೂ ಕರೆಸಿಕೊಂಡಳು. ಊರಿನ ಹೆಸರು ಬರೆಯಲು ಹನ್ನೆರಡು ಅಕ್ಷರ, ಹೇಳಲು ನಾಲ್ಕು. ಉಳಿದ ಎಂಟು ಯಾಕಿವೆ ಎಂದು ಕೇಳಿದೆ. ಹತ್ತು ವರ್ಷದಿಂದ ಅಲ್ಲಿರುವ ಸುವರ್ಣಾಗೂ ಗೊತ್ತಿರಲಿಲ್ಲ.

ಫೆಬ್ರುವರಿ ತಿಂಗಳು. ನಮ್ಮಲ್ಲಿ ಆಗಲೇ ಫ್ಯಾನು ತಿರುಗುತ್ತಿದ್ದರೆ ಅಲ್ಲಿ ಮೂಗಿನ ತುದಿ ನಮ್ಮದೋ ಅಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ಎರಡನೆಯ ದಿನ ಬೆಳಿಗ್ಗೆ ಪಕ್ಕದ ಮನೆಯವನು ಗೇಟಿನ ಹತ್ತಿರ ಸಿಕ್ಕು ‘ಆಲ್ ರೈಟ್?’ ಎಂದು ಕೇಳಿದ. ಎಷ್ಟು ಕಾಳಜಿಯ ಮನುಷ್ಯ ಅನ್ನಿಸಿತು. ಎಡ ಮೊಣಕಾಲಿನ ನೋವು, ಸಕ್ಕರೆ ಕಾಯಿಲೆಯ ಗುಳಿಗೆ, ವಿಮಾನದಲ್ಲಿ ಹಿಡಿದ ಕತ್ತು, ಮೂರನ್ನೂ ವಿವರವಾಗಿ ಹೇಳಿದೆ. ಜಿನುಗು ಮಳೆ ಬೀಳುತ್ತಿತ್ತು. ಪಾಪ, ಪೂರ್ತಿ ನಿಂತು ಕೇಳಿದ. ಮರುದಿನ ನನ್ನನ್ನು ನೋಡಿದವನೇ ಮನೆಯೊಳಗೆ ವಾಪಸು ಹೋದ. ಅದು ಪ್ರಶ್ನೆಯಲ್ಲ, ನಮ್ಮ ‘ಏನ್ರೀ, ಊಟ ಆತೇನ್ರೀ’ ಇದ್ದ ಹಾಗೆ ಎಂದು ಸುವರ್ಣಾ ಆಮೇಲೆ ಹೇಳಿದಳು. ಊಟ ಆಯಿತೇ ಎಂದು ಕೇಳಿದವನಿಗೆ ನಾವು ಯಾರೂ ಪಲ್ಯದ ಹೆಸರು ಹೇಳುವುದಿಲ್ಲವಲ್ಲ.

ಐದನೆಯ ದಿನಕ್ಕೆ ನನಗೆ ಕೈ ತುರಿಸತೊಡಗಿತು. ಸುವರ್ಣಾ ಡ್ಯೂಟಿಯಿಂದ ಬರುವಷ್ಟರಲ್ಲಿ ಅವಳ ಹೇರ್ ಡ್ರೈಯರು, ಇಸ್ತ್ರಿ ಪೆಟ್ಟಿಗೆ, ಗೋಡೆಯ ಗಡಿಯಾರ ಮೂರನ್ನೂ ಬಿಚ್ಚಿ ಹಾಸಿಗೆಯ ಮೇಲೆ ಹರವಿಕೊಂಡಿದ್ದೆ.

‘ಅಣ್ಣಾ, ಛಲೋ ಇದ್ದದ್ದನ್ನ ಯಾಕ ಬಿಚ್ಚಿ ಕುಂತಿ?’

‘ಸ್ವಚ್ಛ ಮಾಡಾಕತ್ತೇನಿ.’

‘ವೈನಿ, ಇಂವನ್ನ ಎಲ್ಲಾದ್ರೂ ಕಳಸೂನು, ಇಲ್ಲಾಂದ್ರ ನಾಳಿ ಫ್ರಿಜ್ ಬಿಚ್ಚತಾನ’ ಎಂದು ಗಿರಿಜಾಗೆ ಹೇಳಿದಳು. ಕಳಿಸುವ ಜಾಗವೂ ಅವಳಿಗೆ ಗೊತ್ತಿತ್ತು. ಚರ್ಚಿನ ಹಿಂದಿನ ಹಾಲ್‌ನಲ್ಲಿ ಪ್ರತಿ ಶನಿವಾರ ಊರಿನ ಜನ ಕೆಟ್ಟ ಸಾಮಾನು ತರುತ್ತಾರೆ, ರಿಪೇರಿ ಬಲ್ಲವರು ಕುಳಿತು ಪುಕ್ಕಟೆ ಮಾಡಿಕೊಡುತ್ತಾರೆ. ಪ್ರವಾಸಕ್ಕೆ ಬಂದವರೂ ಹೀಗೆ ಕೆಲವು ದಿನ ಸೇವೆಗೆ ಕೂಡಬಹುದೆಂದು ಅವಳು ವಿಚಾರಿಸಿಕೊಂಡೂ ಬಂದಿದ್ದಳು. ನನಗೆ ಆ ರಾತ್ರಿಯ ಊಟ ಎರಡು ಚಪಾತಿ ಹೆಚ್ಚಿಗೆ ಸೇರಿತು.

ಆದರೆ ಮೊದಲು ಒಂದು ಫಾರ್ಮು ತುಂಬಬೇಕಿತ್ತು. ಹೆಸರು, ವಯಸ್ಸು, ಬರುವ ಕೆಲಸ ಎಲ್ಲ ಸುಲಭವಾಗಿ ಮುಗಿಯಿತು. ಕೊನೆಯ ಪ್ರಶ್ನೆ, ನೀವು ಯಾಕೆ ಸೇವೆ ಮಾಡಬಯಸುತ್ತೀರಿ. ಕೆಳಗೆ ನಾಲ್ಕು ಗೆರೆ ಖಾಲಿ ಬಿಟ್ಟಿದ್ದರು. ಹುಬ್ಬಳ್ಳಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಅರ್ಧ ಸಂಘಗಳು ಮುಚ್ಚುತ್ತವೆ. ನಾನು ನಮ್ಮ ಬ್ಯಾನರನ್ನು ನೆನಪಿಸಿಕೊಂಡು, ‘ಸಮಾಜದ ಋಣ ತೀರಿಸಲು ಮತ್ತು ಮಾನವ ಕುಲದ ಏಳಿಗೆಗಾಗಿ ಅಂತ ಬರಿ’ ಎಂದೆ.

ಗಿರಿಜಾ ಅಡಿಗೆ ಮನೆಯಿಂದಲೇ, ‘ಮನ್ಯಾಗ ಕುಂತ್ರ ಹೆಂಡ್ತಿ ತಲಿ ತಿಂತಾರ, ಅದಕ್ಕ ಅಂತ ಬರಿ ಸುವರ್ಣಾ. ಖರೇ ಬರದ್ರ ಏನಾಗ್ತೈತಿ’ ಎಂದಳು.

ಸುವರ್ಣಾ ನಗುತ್ತ ಏನೋ ಬರೆದಳು. ಯಾವುದನ್ನು ಬರೆದಳೆಂದು ನನಗೆ ತೋರಿಸಲಿಲ್ಲ.

ಮೊದಲ ಶನಿವಾರ

ಹಾಲ್‌ನ ಬಾಗಿಲಲ್ಲೇ ಜೋನ್ ಎಂಬ ಹೆಂಗಸು ಕುಳಿತಿದ್ದಳು. ಎಪ್ಪತ್ತು ದಾಟಿದ ವಯಸ್ಸು, ಗಿಡ್ಡ ಬಿಳಿ ಕೂದಲು, ಕುತ್ತಿಗೆಗೆ ದಾರದಲ್ಲಿ ನೇತುಬಿಟ್ಟ ಕನ್ನಡಕ. ಮೊದಲು ಯಾವುದೋ ಕಾರ್ಖಾನೆಯಲ್ಲಿ ತಯಾರಾದ ಮಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದವಳು. ಇಲ್ಲಿಯೂ ರಿಪೇರಿಯಾದ ಪ್ರತಿಯೊಂದು ಸಾಮಾನನ್ನು ಅವಳೇ ಪರೀಕ್ಷಿಸಿ ಹಸಿರು ಚೀಟಿ ಅಂಟಿಸಬೇಕು. ಚೀಟಿ ಬೀಳದೆ ಯಾವ ವಸ್ತುವೂ ಬಾಗಿಲು ದಾಟುವ ಹಾಗಿರಲಿಲ್ಲ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಅಲ್ಲಿಯವರು ಆಡಿದ್ದು ಇಂಗ್ಲಿಷು, ಆದರೆ ನನ್ನ ಕಿವಿ ಅದನ್ನು ನಮ್ಮ ಮಾತಿಗೆ ತಿರುಗಿಸಿಕೊಂಡೇ ಒಳಗೆ ಬಿಡುತ್ತಿತ್ತು. ಜೋನ್‌ಳ ಇಂಗ್ಲಿಷಂತೂ ನನಗೆ ಧಾರವಾಡ ಮಾಳಮಡ್ಡಿಯ ಶಾಲೆಯ ಹಳೆಯ ಅಕ್ಕೋರ ಮಾತಿನ ಹಾಗೆಯೇ ಕೇಳಿಸಿತು. ನನಗೆ ಕೇಳಿಸಿದ ಹಾಗೆ ಬರೆಯುತ್ತೇನೆ, ಅವಳು ಹಾಗೆ ಹೇಳಲೇ ಇಲ್ಲ ಎಂದು ಯಾರೂ ಪತ್ರ ಬರೆಯಬಾರದು.

ಅವಳು ನನ್ನ ಫಾರ್ಮನ್ನು ಕನ್ನಡಕ ಏರಿಸಿ ಓದಿದಳು. ಕೊನೆಯ ನಾಲ್ಕು ಗೆರೆಯನ್ನು ಎರಡು ಸಲ ಓದಿದಳು. ‘ಮಾನವ ಕುಲ ಇವತ್ತ ಬಂದಿಲ್ರಿ. ಒಂದು ಟೋಸ್ಟರ್ ಬಂದದ. ನೋಡ್ತೀರೇನು?’

ಸುವರ್ಣಾ ಬರೆದದ್ದು ನನ್ನ ಮಾತೇ ಎಂದು ಆಗ ಗೊತ್ತಾಯಿತು. ಗಿರಿಜಾಳದ್ದನ್ನು ಬರೆದಿದ್ದರೆ ವಾಸಿಯಿತ್ತು, ಏಕೆಂದರೆ ಅಲ್ಲಿ ಎಲ್ಲರೂ ಅಂಥದ್ದನ್ನೇ ಬರೆದಿದ್ದರು. ಗಡಿಯಾರ ರಿಪೇರಿಯವನನ್ನು ಕೇಳಿದೆ. ‘ಮನ್ಯಾಗ ಹೆಂಡ್ತಿ ಟೀವಿ ದೊಡ್ಡದಾಗಿ ಹಚ್ಚತಾಳ’ ಎಂದ. ಹೊಲಿಗೆಯ ಹೆಂಗಸು, ‘ಇಲ್ಲಿ ಕೇಕ್ ಛಲೋ ಇರ್ತದ’ ಎಂದಳು. ಇನ್ನೊಬ್ಬ, ಮಾಡಲು ಬೇರೆ ಕೆಲಸವಿಲ್ಲ ಎಂದು ಮುಗಿಸಿಬಿಟ್ಟ. ಜೋನ್‌ಳನ್ನೂ ಕೇಳಿದೆ. ‘ಮಂದಿ ತಪ್ಪು ಹಿಡಿಯೂದು ನನಗ ಭಾಳ ಸೇರ್ತದ್ರಿ. ಬ್ಯಾರೆ ಕಡೆ ಹಿಡದ್ರ ಸಿಟ್ಟಾಗ್ತಾರ, ಇಲ್ಲೆ ಥ್ಯಾಂಕ್ಯೂ ಅಂತಾರ’ ಎಂದಳು. ಒಬ್ಬರಾದರೂ ಸಮಾಜದ ಹೆಸರು ಎತ್ತಲಿಲ್ಲ. ನನಗೆ ಈ ಜನ ಸೇವೆಗೆ ಯೋಗ್ಯರಲ್ಲ ಅನ್ನಿಸಿತು.

ಅಲ್ಲಿಯ ಇನ್ನೊಂದು ಪದ್ಧತಿ ನನ್ನನ್ನು ಬಹಳ ಕಾಡಿತು. ಸಾಮಾನು ತಂದವರು ರಿಪೇರಿ ಮುಗಿಯುವವರೆಗೆ ಎದುರಿಗೇ ಕುಳಿತಿರಬೇಕು. ಗೋಕುಲ ರಸ್ತೆಯಲ್ಲಿ ನಮ್ಮ ಕಸುಬು ನಿಂತಿರುವುದೇ ‘ನಾಳೆ ಬರ್ರಿ’ ಎಂಬ ಎರಡು ಶಬ್ದಗಳ ಮೇಲೆ. ಆ ನಾಳೆಯೊಳಗೆ ನಾವು ಯೋಚನೆ ಮಾಡುತ್ತೇವೆ, ತಪ್ಪು ಮಾಡಿ ತಿದ್ದುತ್ತೇವೆ, ಒಮ್ಮೊಮ್ಮೆ ಮರೆತೇಬಿಡುತ್ತೇವೆ. ಇಲ್ಲಿ ಟೋಸ್ಟರಿನ ಒಡತಿ ನನ್ನ ಮೂಗಿನ ಕೆಳಗೇ ಕುಳಿತು, ಬಿಚ್ಚಿದ ಸ್ಕ್ರೂಗಳನ್ನು ತಟ್ಟೆಯಲ್ಲಿ ಹಿಡಿದುಕೊಂಡಿದ್ದಳು. ಒಂದು ಸ್ಕ್ರೂ ಉಳಿದರೂ ಗೊತ್ತಾಗುತ್ತದೆ. ಮೂವತ್ತು ವರ್ಷದಲ್ಲಿ ನನ್ನ ಅಂಗಡಿಯಲ್ಲಿ ಹಾಗೆ ಉಳಿದ ಸ್ಕ್ರೂಗಳಿಂದ ಎರಡು ಡಬ್ಬಿ ತುಂಬಿದ್ದವು.

ಟೋಸ್ಟರು ನಡೆಯಿತು. ಮುಂದಿನ ಶನಿವಾರ ಒಂದು ಕಸ ಎಳೆಯುವ ಯಂತ್ರ, ಎರಡು ದೀಪ, ಒಂದು ಗ್ರೈಂಡರು ಕೂಡ ನಡೆದವು. ನನ್ನನ್ನು ಮಿಸ್ತ್ರಿ ಎನ್ನಿರಿ ಎಂದು ಎಲ್ಲರಿಗೂ ಕಲಿಸಿದೆ. ಅವರ ನಾಲಿಗೆಯಲ್ಲಿ ಅದು ‘ಮಿಸ್ಟರಿ’ ಆಯಿತು. ಇಂಗ್ಲಿಷಿನಲ್ಲಿ ಅದರ ಅರ್ಥ ಬಿಡಿಸಲಾಗದ ಒಗಟು ಎಂದು ಸುವರ್ಣಾ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೇನೂ ಬೇಸರವಾಗಲಿಲ್ಲ. ಹಾಲ್‌ನ ಆ ತುದಿಯಿಂದ ಯಾರೋ ‘ಮಿಸ್ಟರಿ, ಸ್ವಲ್ಪ ಬರ್ರಿ’ ಎಂದು ಕೂಗಿದಾಗ ಎದ್ದು ಹೋಗುವ ಸುಖ ಎರಡು ವರ್ಷದಿಂದ ಸಿಕ್ಕಿರಲಿಲ್ಲ.

ಮೂರನೆಯ ಶನಿವಾರ

ಆವತ್ತು ಆರ್ಥರ್ ಎಂಬ ಮುದುಕ ಒಂದು ಬಿಸಿಗಾಳಿಯ ಹೀಟರು ತಂದ. ಬಟನ್ ಒತ್ತಿದರೆ ಜೀವವೇ ಇಲ್ಲ. ತನ್ನ ಮಲಗುವ ಕೋಣೆ ತಣ್ಣಗಿರುತ್ತದೆ, ಹಾಸಿಗೆಯ ಪಕ್ಕದಲ್ಲೇ ಇದನ್ನು ಇಟ್ಟುಕೊಳ್ಳುತ್ತೇನೆ ಎಂದ. ಬಿಚ್ಚಿ ನೋಡಿದರೆ ಒಳಗಿನ ಒಂದು ಸಣ್ಣ ಫ್ಯೂಜು ಹೋಗಿತ್ತು. ಯಂತ್ರ ಅತಿಯಾಗಿ ಕಾದರೆ ತಾನು ಸತ್ತು ಕರೆಂಟು ನಿಲ್ಲಿಸುವ ಫ್ಯೂಜು. ಅದು ಅಲ್ಲಿ ಸಿಗಲು ಒಂದು ವಾರ ಬೇಕು.

ಒಂದು ವಾರ ಮುದುಕ ನಡುಗಬೇಕೇ? ನಾನು ಡೈರೆಕ್ಟ್ ಮಾಡಿದೆ.

ಡೈರೆಕ್ಟ್ ಎಂದರೇನೆಂದು ಹುಬ್ಬಳ್ಳಿಯವರಿಗೆ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಕರೆಂಟಿಗೂ ಯಂತ್ರಕ್ಕೂ ನಡುವೆ ಕುಳಿತು ‘ಸಾಕು, ನಿಲ್ಲಿಸು’ ಎನ್ನುವ ಭಾಗಗಳಿರುತ್ತವೆ. ಅವು ಕೆಟ್ಟರೆ ಕಿತ್ತು ಹಾಕಿ ಎರಡೂ ತಂತಿಯನ್ನು ಕೂಡಿಸಿ ಸುತ್ತಿಬಿಡುವುದು. ಯಂತ್ರ ನಡೆಯುತ್ತದೆ, ಗಿರಾಕಿ ಖುಷಿಯಾಗುತ್ತಾನೆ. ನನ್ನಷ್ಟು ಚೊಕ್ಕವಾಗಿ ಡೈರೆಕ್ಟ್ ಮಾಡುವವರು ಇಡೀ ಗೋಕುಲ ರಸ್ತೆಯಲ್ಲಿ ಇರಲಿಲ್ಲ. ಐದು ನಿಮಿಷದಲ್ಲಿ ಹೀಟರು ಬಿಸಿ ಉಸಿರು ಬಿಟ್ಟಿತು. ಆರ್ಥರ್ ನನ್ನ ಕೈ ಹಿಡಿದುಕೊಂಡು ಕುಲುಕಿದ, ಪಕ್ಕದ ಟೇಬಲ್ಲಿನವರು ಚಪ್ಪಾಳೆ ತಟ್ಟಿದರು.

ಜೋನ್‌ಳ ಟೇಬಲ್ಲಿಗೆ ಒಯ್ದು ಹೆಮ್ಮೆಯಿಂದಲೇ ಹೇಳಿದೆ, ‘ಐ ಮೇಡ್ ಇಟ್ ಡೈರೆಕ್ಟ್.’

‘ಏನು ಡೈರೆಕ್ಟ್?’

‘ಫುಲ್ ಡೈರೆಕ್ಟ್.’

ಅವರದೇ ಭಾಷೆಯ ಶಬ್ದ, ಅವರಿಗೇ ಅರ್ಥ ಗೊತ್ತಿಲ್ಲ. ಬಿಚ್ಚಿ ತೋರಿಸಿದೆ. ಜೋನ್ ಕನ್ನಡಕ ಏರಿಸಿ ನಾನು ಸುತ್ತಿದ ತಂತಿಯನ್ನು ಬಹಳ ಹೊತ್ತು ನೋಡಿದಳು. ಬೈಯಲಿಲ್ಲ. ಟೇಬಲ್ಲಿನ ಡ್ರಾದಿಂದ ಕಟ್ಟರ್ ತೆಗೆದು ಆ ತಂತಿಯನ್ನು ಕಟ್ ಎಂದು ಕತ್ತರಿಸಿದಳು.

‘ಇದನ್ನ ನಿಮ್ಮ ಹಾಸಿಗಿ ಬಾಜೂಕ ಇಟ್ಕೊಂಡು ಮಲಗ್ತೀರೇನು?’

‘ನಮ್ಮ ಕಡೆ ಏನೂ ಆಗೂದಿಲ್ಲ. ಅದು ಭಾಳ ಕಾಯೂದ್ರಾಗ ಕರೆಂಟ್ ಹೋಗ್ತೈತಿ’ ಎಂದೆ.

ನಾನು ತಮಾಷೆಗೆ ಹೇಳಿರಲಿಲ್ಲ. ಮೂವತ್ತು ವರ್ಷ ನನ್ನ ಕಸುಬಿನ ಅರ್ಧ ಭಾಗವನ್ನು ಕಾಪಾಡಿದ್ದು ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದ ಕರೆಂಟು. ಜೋನ್‌ಗೆ ನಗು ಬರಲಿಲ್ಲ. ‘ಇಲ್ಲೆ ಹೋಗೂದಿಲ್ರಿ’ ಎಂದಳು. ಆಮೇಲೆ ಬಹಳ ಮರ್ಯಾದೆಯಿಂದ, ಇವತ್ತು ಚಹಾದ ಕೌಂಟರಿನಲ್ಲಿ ಜನ ಕಡಿಮೆ ಇದ್ದಾರೆ, ನೀವು ಅಲ್ಲಿ ನಿಂತರೆ ಬಹಳ ಉಪಕಾರ ಎಂದಳು. ಇಂಗ್ಲೆಂಡಿನವರು ಮನುಷ್ಯನನ್ನು ಕೆಲಸದಿಂದ ತೆಗೆಯುವಾಗಲೂ ಅವನಿಂದ ಉಪಕಾರ ಕೇಳುತ್ತಾರೆ.

ಚಹಾದ ಕೌಂಟರು

ಸಿಟ್ಟಿನಲ್ಲಿ ಕಪ್ಪು ಜೋಡಿಸುತ್ತ ನಿಂತೆ. ಗಡಿಯಾರದವನ ಎದುರಿಗೆ, ಕೇಕಿನ ಆಸೆಗೆ ಬರುವವಳ ಎದುರಿಗೆ ನನ್ನ ಮಾನ ಹೋಗಿತ್ತು. ನಾಳೆಯೇ ಊರಿಗೆ ಹೋಗಿಬಿಡೋಣ ಅನ್ನಿಸಿತು. ಕೌಂಟರಿನ ಮೇಲೆ ನೀರು ಕಾಯಿಸುವ ಸ್ಟೀಲಿನ ದೊಡ್ಡ ಡ್ರಮ್ಮಿತ್ತು, ಕೆಳಗೊಂದು ನಳ. ಅದು ಸಣ್ಣಗೆ ಹಾಡುತ್ತ ಕಾಯುತ್ತಿತ್ತು. ನೀರು ಕುದಿಯ ಹತ್ತಿರ ಬಂದಾಗ ‘ಟಿಕ್’ ಎಂದು ತಾನೇ ನಿಂತಿತು.

ಆ ಟಿಕ್ ಕೇಳಿ ನನ್ನ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ಮುಗದದ ಗೀಜರು ನೆನಪಾಯಿತು.

ಮುಗದ ಎಂಬ ಹಳ್ಳಿಯಲ್ಲಿ ಹೆಣ್ಣುಮಕ್ಕಳ ಒಂದು ಸಣ್ಣ ವಸತಿ ನಿಲಯವಿದೆ. ಸುತ್ತಲಿನ ಹಳ್ಳಿಗಳಿಂದ ಬಂದು ಓದುವ ಇಪ್ಪತ್ತೆರಡು ಹುಡುಗಿಯರು. ದೀಪಾವಳಿಗೆ ಮುಂಚೆ ನಮ್ಮ ಸಂಘದವರು ಅಲ್ಲಿ ಸೇವಾ ದಿನ ಮಾಡಿದೆವು. ಅವರ ಬಚ್ಚಲಿನ ದೊಡ್ಡ ಗೀಜರು ಕೆಟ್ಟಿತ್ತು. ನೀರು ಸಾಕಷ್ಟು ಕಾದ ಮೇಲೆ ಕರೆಂಟು ನಿಲ್ಲಿಸುವ ಭಾಗ, ಥರ್ಮೋಸ್ಟ್ಯಾಟು, ಸುಟ್ಟಿತ್ತು. ಹೊಸದು ತರಬೇಕೆಂದರೆ ಹುಬ್ಬಳ್ಳಿಗೆ ಹೋಗಿ ಬರಬೇಕು. ಹನ್ನೆರಡು ಗಂಟೆಗೆ ಫೋಟೋದವನು ಬರುವವನಿದ್ದ, ಆಮೇಲೆ ಅವನಿಗೆ ಧಾರವಾಡದಲ್ಲಿ ಬೇರೆ ಕಾರ್ಯಕ್ರಮ. ಹನ್ನೊಂದೂ ಮುಕ್ಕಾಲಿಗೆ ನಾನು ಡೈರೆಕ್ಟ್ ಮಾಡಿದೆ. ಕೆಂಪು ದೀಪ ಹತ್ತಿತು. ಗೀಜರಿನ ಮೇಲೆ ಸಂಘದ ಹೆಸರಿನ ಸ್ಟಿಕ್ಕರು ಅಂಟಿತು, ನನ್ನ ಹೆಗಲಿಗೆ ಶಾಲು ಬಿತ್ತು. ಆ ದಿನ ಫೋಟೋದಲ್ಲಿ ನಾನು ನಟ್ಟನಡುವೆ ಇದ್ದೆ. ಮುಂದಿನ ವಾರ ಬಂದು ಥರ್ಮೋಸ್ಟ್ಯಾಟು ಹಾಕಿದರಾಯಿತು ಎಂದು ನನ್ನಷ್ಟಕ್ಕೇ ಅಂದುಕೊಂಡೆ. ಯಾರಿಗೂ ಹೇಳಿರಲಿಲ್ಲವಾದ್ದರಿಂದ ಮರೆಯುವುದು ಸುಲಭವಾಯಿತು.

ನಾಲ್ಕು ತಿಂಗಳಾಗಿತ್ತು. ಈಗ ನಮ್ಮ ಕಡೆಯೂ ಬೆಳಗಿನ ಹೊತ್ತು ಕರೆಂಟು ಹೋಗುವುದು ಕಡಿಮೆ. ಇಪ್ಪತ್ತೆರಡು ಹುಡುಗಿಯರು, ಕುದಿಯುತ್ತಲೇ ಇರುವ ಒಂದು ಡ್ರಮ್ಮು. ಗಂಟೆ ನೋಡಿದೆ. ಇಲ್ಲಿ ಮಧ್ಯಾಹ್ನ ಒಂದು, ಅಲ್ಲಿ ಸಂಜೆ ಆರೂವರೆ. ಹಾಲ್‌ನ ಹೊರಗೆ ಚಳಿಯಲ್ಲಿ ನಿಂತು ನೂರಜಾನಬಿಗೆ ಫೋನು ಹಚ್ಚಿದೆ. ಅವಳು ಮುಗದದವಳೇ, ಆ ನಿಲಯದಲ್ಲಿ ಅಡಿಗೆ ಮಾಡುವವಳು, ಹುಡುಗಿಯರನ್ನು ನೋಡಿಕೊಳ್ಳುವವಳು.

‘ಯಾರ್ರಿ?’

‘ನಾನ್ರಿ ಬೀ, ಈರಣ್ಣ. ಗೀಜರ್ ಮಾಡಿದ ಮಿಸ್ತ್ರಿ.’

‘ಅಯ್ಯ, ಮಿಸ್ತ್ರಿಯವರ. ಲಂಡನ್ನಿಗೆ ಹೋಗೀರಂತ ಕೇಳಿದ್ವಿ. ಥಂಡಿ ಭಾಳ ಐತೇನ್ರಿ?’

‘ಥಂಡಿ ಇರ್ಲಿ. ಗೀಜರ್ ಹೆಂಗೈತಿ?’

‘ಛಲೋ ಐತ್ರಿ.’

‘ನೀರು ಭಾಳ ಕಾಯ್ತಾವೇನ್ರಿ?’

‘ಕಾಯ್ತಾವ್ರಿ. ಚಾಪುಡಿ ಹಾಕಿದ್ರ ಚಾ ಆಗ್ತೈತಿ.’

ಒಂದೊಂದೇ ಕೇಳಿ ಹೊರಗೆ ತೆಗೆಯಬೇಕಾಯಿತು. ಮೊದಲ ದಿನವೇ ನಳ ಬಿಟ್ಟ ಕೂಡಲೇ ಹಬೆ ಬಂದು, ಒಬ್ಬ ಹುಡುಗಿಯ ಕೈ ಮೇಲೆ ಸಿಡಿದು ಬೊಬ್ಬೆ ಎದ್ದಿತ್ತು. ‘ಆವತ್ತಿಂದ ಯಾರಿಗೂ ಬಟನ್ ಮುಟ್ಟಾಕ ಬಿಟ್ಟಿಲ್ರಿ. ನಾಕೂವರಿಗೆ ಏಳ್ತೇನಿ, ಬಟನ್ ಹಾಕ್ತೇನಿ, ಅಲ್ಲೇ ನಿಂದರ್ತೇನಿ. ಒಳಗ ಗುಳುಗುಳು ಅಂದ ಕೂಡ್ಲೇ ಬಂದ್ ಮಾಡಿ, ತಣ್ಣೀರ ಬೆರಸಿ ಕೊಡ್ತೇನಿ. ಮತ್ತ ಹಾಕ್ತೇನಿ, ಮತ್ತ ನಿಂದರ್ತೇನಿ. ಆರೂವರಿ ತನಕ ಅದ ಕೆಲಸ.’

‘ನಾಕು ತಿಂಗಳಾ?’

‘ಹೂನ್ರಿ.’

‘ನನಗ್ಯಾಕ ಒಂದ್ ಮಾತು ಹೇಳಲಿಲ್ರಿ ಬೀ?’

‘ಹೆಂಗ ಹೇಳೂದ್ರಿ? ರೊಕ್ಕಾ ತಗೊಂಡು ಮಾಡಿದ್ರ ಅಂಗಡಿ ಮುಂದ ಬಂದು ನಿಂತು ಜಗಳಾ ಆಡ್ತಿದ್ದೆ. ನೀವು ಪುಕ್ಕಟ ಮಾಡೀರಿ. ಪುಕ್ಕಟ ಮಾಡಿದವ್ರಿಗೆ ಕೆಟ್ಟೈತಿ ಅಂತ ಹೆಂಗ ಅನ್ನೂದ್ರಿ? ಬ್ಯಾರೆ ಮಿಸ್ತ್ರಿನ ಕರಸ್ರಿ ಅಂತ ನಮ್ಮ ಕಮಿಟಿಯವ್ರಿಗೆ ಕೇಳಿದ್ರ, ಸ್ಟಿಕ್ಕರ್ ಐತಲ್ಲ, ಸಂಘದವ್ರಿಗೆ ಬ್ಯಾಸರ ಆಗ್ತೈತಿ ಅಂದ್ರು.’

ನಾನು ಬಹಳ ಜನರಿಂದ ಬೈಗುಳ ತಿಂದವನು, ಬೈಗುಳಕ್ಕೆ ಉತ್ತರ ಕೊಡಲು ಬರುತ್ತದೆ. ಇದು ಬೈಗುಳವಾಗಿರಲಿಲ್ಲ. ನಾಲ್ಕು ತಿಂಗಳು ಒಬ್ಬ ಹೆಣ್ಣುಮಗಳು ನಸುಕಿನಲ್ಲಿ ಎದ್ದು, ನಾನು ಕಿತ್ತು ಹಾಕಿದ ಆ ಸಣ್ಣ ಭಾಗದ ಜಾಗದಲ್ಲಿ ತಾನೇ ನಿಂತಿದ್ದಳು. ನನಗೆ ನಾಚಿಕೆಯಾಯಿತು, ಅಳುವೂ ಬಂತು.

‘ಇವತ್ತಿಂದ ಮೇನ್ ಬಂದ್ ಮಾಡಿಬಿಡ್ರಿ. ನಾಳಿ ಬ್ಯಾರೆ ಮಿಸ್ತ್ರಿನ ಕಳಸ್ತೇನಿ’ ಎಂದೆ.

‘ಮೇನ್ ಬಂದ್ ಮಾಡ್ತೇನಿ. ಒಲಿ ಹಚ್ಚಿ ಹಂಡೇದಾಗ ಕಾಸ್ತೇನಿ. ಬ್ಯಾರೆಯವ್ರು ಬ್ಯಾಡ್ರಿ, ಅವ್ರೂ ಒಂದ್ ಸ್ಟಿಕ್ಕರ್ ಹಚ್ಚಿ ಹೋಗ್ತಾರ’ ಎಂದಳು. ನಂತರ ಮೊದಲ ಸಲ ಅವಳ ದನಿ ಸ್ವಲ್ಪ ಗಟ್ಟಿಯಾಯಿತು. ‘ನೀವ ಹಾಕೀರಿ, ನೀವ ಬಂದು ತಗೀರಿ.’

ಕೊನೆಯ ಹತ್ತು ದಿನ

ಸಂಘದ ಮೊಬೈಲ್ ಗ್ರೂಪಿನಲ್ಲಿ ಎಲ್ಲ ಹೇಳಿಬಿಡಬೇಕೆಂದು ತೀರ್ಮಾನಿಸಿದೆ. ಗೀಜರು ನಾನು ಸರಿ ಮಾಡಿರಲಿಲ್ಲ, ಶಾಲು ಸುಳ್ಳು, ಒಬ್ಬ ಹುಡುಗಿಯ ಕೈ ಸುಟ್ಟಿದೆ ಎಂದು ಮೂರು ನಿಮಿಷ ಮಾತಾಡಿ ಕಳಿಸಿದೆ. ಕಳಿಸಿ ಫೋನು ಹಿಡಿದುಕೊಂಡೇ ಕುಳಿತೆ. ಹತ್ತು ನಿಮಿಷದಲ್ಲಿ ಮುಗಿದ ಕೈಗಳ ಚಿತ್ರ ಎಂಟು ಬಂದವು. ಅಧ್ಯಕ್ಷರು ‘ವಿದೇಶದಲ್ಲಿದ್ದರೂ ನಿಮ್ಮ ಸೇವಾ ಮನೋಭಾವ ಅನನ್ಯ’ ಎಂದು ಬರೆದರು. ಒಬ್ಬರೂ ಕೇಳಿಸಿಕೊಂಡಿರಲಿಲ್ಲ.

ಗಿರಿಜಾ ಮಾತ್ರ ಪಕ್ಕದಲ್ಲಿ ಕುಳಿತು ಪೂರ್ತಿ ಕೇಳಿದ್ದಳು. ಬೈಯುತ್ತಾಳೆಂದು ಕಾದೆ. ‘ಆ ಶಾಲು ನಾ ತೆಗೆದಿಟ್ಟೇನಿ. ಊರಿಗೆ ಹೋದ ಕೂಡ್ಲೇ ಮೊದಲ ಮುಗದಕ್ಕ ಹೋಗೂನು, ಬ್ಯಾಗ್ ಆಮ್ಯಾಲ ಬಿಚ್ಚಿದ್ರಾತು’ ಎಂದಳು. ಅವಳು ಬರುತ್ತೇನೆ ಎಂದದ್ದು ನನಗೆ ಸಮಾಧಾನ ಕೊಟ್ಟಿತು.

ಮುಂದಿನ ಶನಿವಾರ ಹಾಲ್‌ಗೆ ಹೋಗಲು ನಾಚಿಕೆ, ಹೋಗದಿರಲು ಮನಸ್ಸಿಲ್ಲ. ಹೋದೆ. ಆರ್ಥರ್‌ನ ಹೀಟರು ನನ್ನ ಟೇಬಲ್ಲಿನ ಮೇಲೆಯೇ ಕುಳಿತಿತ್ತು, ಪಕ್ಕದಲ್ಲಿ ಸರಿಯಾದ ಫ್ಯೂಜು. ಜೋನ್ ತಂದಿಟ್ಟಿದ್ದಳು. ನಾನು ಅವಳಿಗೆ ಮುಗದದ ಕಥೆಯನ್ನು ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಸಮಾಧಾನದ ಮಾತು ಬರುತ್ತದೆಂದುಕೊಂಡಿದ್ದರೆ ನಾನು ಜೋನ್‌ಳನ್ನು ಇನ್ನೂ ಅರಿತಿರಲಿಲ್ಲ.

‘ಎಷ್ಟು ಕಡೆ ಹಿಂಗ ಮಾಡೀರಿ?’

‘ಅಂಗಡ್ಯಾಗ ಭಾಳ. ನೆನಪಿಲ್ಲ.’

‘ನೆನಪಾದಷ್ಟು ಬರೀರಿ’ ಎಂದು ಒಂದು ಕಾಗದ, ಒಂದು ಪೆನ್ಸಿಲ್ ಕೊಟ್ಟು ತನ್ನ ಟೇಬಲ್ಲಿಗೆ ಹೋದಳು.

ಫ್ಯೂಜು ಹಾಕಿ, ಕಾಯಿಸಿ, ಕಾವಿನ ಗುಂಡಿಯನ್ನು ಕಡಿಮೆಗೆ ಇಟ್ಟು, ಅದು ತಾನೇ ನಿಲ್ಲುವುದನ್ನು ನೋಡುವವರೆಗೆ ಎದ್ದೇಳಲಿಲ್ಲ. ಹಸಿರು ಚೀಟಿ ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಆರ್ಥರ್ ಒಂದು ಥ್ಯಾಂಕ್ಯೂ ಹೇಳಿ ಹೀಟರನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಉಳಿದ ಹೊತ್ತೆಲ್ಲ ಕುಳಿತು ಬರೆದೆ. ಕೇಶ್ವಾಪುರದಲ್ಲಿ ಆರು ಮನೆ, ಗೋಕುಲ ರಸ್ತೆಯ ಒಂದು ಖಾನಾವಳಿ, ಒಂದು ಲಾಂಡ್ರಿ, ಹೀಗೆ ಕಾಗದದ ಎರಡೂ ಬದಿ ತುಂಬಿತು.

ಮುಗದ

ಹುಬ್ಬಳ್ಳಿಯಲ್ಲಿ ಇಳಿದವರು ಮನೆಯಲ್ಲಿ ಬ್ಯಾಗು ಎಸೆದು, ಅಂಗಡಿಯಲ್ಲಿ ಹೊಸ ಥರ್ಮೋಸ್ಟ್ಯಾಟು ಕೊಂಡು, ಅದೇ ದಿನ ಮುಗದದ ಬಸ್ಸು ಹತ್ತಿದೆವು. ಫೋಟೋದವನಿರಲಿಲ್ಲ. ಸಂಘಕ್ಕೆ ಹೇಳಿರಲಿಲ್ಲ, ಹೇಳಿದ್ದರೆ ಇದಕ್ಕೂ ಒಂದು ಬ್ಯಾನರ್ ಆಗುತ್ತಿತ್ತು.

ಕೈ ಸುಟ್ಟುಕೊಂಡಿದ್ದ ಹುಡುಗಿಯನ್ನು ನೂರಜಾನಬಿ ಕರೆದಳು. ಗಾಯ ಮಾದಿತ್ತು, ಕಪ್ಪು ಕಲೆ ಉಳಿದಿತ್ತು. ‘ತಪ್ಪು ನಂದವಾ’ ಎಂದೆ. ಅವಳು ಕೈ ಹಿಂದೆ ಮಾಡಿಕೊಂಡು ಓಡಿ ಹೋದಳು. ಗಿರಿಜಾ ಆ ಶಾಲನ್ನು ಚೀಲದಿಂದ ತೆಗೆದು ನೂರಜಾನಬಿಗೆ ಕೊಟ್ಟಳು. ‘ನಸುಕಿನ್ಯಾಗ ಥಂಡಿ ಇರ್ತೈತಿ, ಹೊತ್ಕೊಳ್ರಿ’ ಎಂದಳಷ್ಟೇ.

ನಾನು ಬಚ್ಚಲಿನಲ್ಲಿ ಸ್ಟೂಲು ಹಾಕಿ ಕುಳಿತೆ. ನೂರಜಾನಬಿ ಸ್ಕ್ರೂಗಳನ್ನು ಸೆರಗಿನಲ್ಲಿ ಹಿಡಿದುಕೊಂಡು ಎದುರಿಗೇ ನಿಂತಳು, ನಾನೇ ಹಾಗೆ ನಿಲ್ಲಿರಿ ಎಂದು ಕೇಳಿಕೊಂಡಿದ್ದೆ. ಹಳೆಯ ತಂತಿ ಕಿತ್ತು ಥರ್ಮೋಸ್ಟ್ಯಾಟು ಹಾಕಿದೆ. ಕರೆಂಟು ಕೊಟ್ಟು ಇಬ್ಬರೂ ಕಾದೆವು. ನೀರು ಕಾಯುವುದು ಎಷ್ಟು ನಿಧಾನ ಎಂದು ಮಿಸ್ತ್ರಿಯಾಗಿ ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಕೆಂಪು ದೀಪ ತಾನೇ ಆರಿತು. ಅವಳು ನಳ ಬಿಟ್ಟು, ಮೊದಲು ಒಂದು ಬೆರಳು, ಆಮೇಲೆ ಇಡೀ ಅಂಗೈ ಒಡ್ಡಿ ನೋಡಿದಳು.

‘ಇನ್ನ ನಾಳಿಂದ ಅರಾಮ ಮಲಗ್ರಿ ಬೀ’ ಎಂದೆ.

‘ಹಿಂದ್ಲ ಸಲಾನೂ ನೀವು ಹಿಂಗ ಅಂದಿದ್ರಿ’ ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ನೆನಪಿದ್ದದ್ದನ್ನು ಹೇಳಿದಳು. ‘ಎಂಟು ದಿನ ನಾ ನಿಂತು ನೋಡ್ತೇನಿ. ಆಮ್ಯಾಲ ಫೋನ್ ಮಾಡ್ತೇನಿ.’

ಆ ಎಂಟು ದಿನ ನಾನು ಜೋನ್ ಕೊಟ್ಟ ಕಾಗದ ಹಿಡಿದು ಕೇಶ್ವಾಪುರದ ಮನೆಮನೆ ತಿರುಗಿದೆ. ಎರಡು ಮನೆಯವರು ಚಹಾ ಕೊಟ್ಟರು, ಮೂವರು ಅನುಮಾನದಿಂದ ನೋಡಿದರು, ಗೋಕುಲ ರಸ್ತೆಯ ಖಾನಾವಳಿಯವನು ‘ಛಲೋ ನಡದದ್ದನ್ನ ಕೆಡಸಾಕ ಬಂದೀರೇನು’ ಎಂದು ಬಾಗಿಲಿನಿಂದಲೇ ಕಳಿಸಿದ. ಅವನಲ್ಲಿಗೆ ಮತ್ತೆ ಹೋಗಬೇಕು. ಆದರೆ ತಿರುಗಾಡುವಾಗಲೂ ಜೇಬಿನ ಫೋನಿನ ಮೇಲೇ ಕೈ ಇರುತ್ತಿತ್ತು. ಗಂಡ ಹೆಂಡತಿ ಇಬ್ಬರೂ ದಿನ ಎಣಿಸಿದೆವು.

ಒಂಬತ್ತನೆಯ ದಿನ ಬೆಳಿಗ್ಗೆ ಹಲ್ಲು ಉಜ್ಜುತ್ತಿದ್ದಾಗ ಫೋನು ಬಂತು. ಗಿರಿಜಾ ಓಡಿ ಬಂದು ನನ್ನ ಕಿವಿಗೆ ಹಿಡಿದಳು. ಆ ಕಡೆಯಿಂದ ಹುಡುಗಿಯರ ಗದ್ದಲ, ಬಕೆಟ್ಟಿನ ಸಪ್ಪಳ ಕೇಳಿಸುತ್ತಿತ್ತು. ನೂರಜಾನಬಿಯ ದನಿಯಲ್ಲಿ ಇನ್ನೂ ನಿದ್ದೆಯಿತ್ತು.

‘ಮಿಸ್ತ್ರಿಯವರ’ ಎಂದಳು, ‘ಇವತ್ತ ಆರಕ್ಕ ಎದ್ದೇನ್ರಿ.’